ಒಂಬತ್ತರಲ್ಲಿ ಎಂಟು ಪಾಲು ಗೋಡೆಗೆ

ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರ. ಮಧ್ಯಮ ವರ್ಗದ ಮನೆಯ ಹಾಲ್ ಅಂದರೆ ಹೆಚ್ಚುಕಡಿಮೆ ಇಷ್ಟೇ. ಒಂದು ಸೋಫಾ, ಕಿಟಕಿಗೆ ಪರದೆ, ನೆಲಕ್ಕೊಂದು ಜಮಖಾನ ಇರಲಿ. ಅಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದರೆ, ಮುಂದಿನ ಅರ್ಧ ಸೆಕೆಂಡಿನೊಳಗೆ ಆ ಚಪ್ಪಾಳೆಯ ಎಷ್ಟು ಪ್ರತಿಗಳು ಕಿವಿಗೆ ಬಂದು ಮುಟ್ಟುತ್ತವೆ? ಸುಮಾರು ಮೂರೂವರೆ ಲಕ್ಷ.

ಅಂಕಿ ಉತ್ಪ್ರೇಕ್ಷೆ ಅನ್ನಿಸಿದರೆ ಲೆಕ್ಕ ಹಾಕಿ ನೋಡಬಹುದು. ಕ್ಷೌರದಂಗಡಿಯಲ್ಲಿ ಎದುರುಬದುರು ಕನ್ನಡಿಗಳ ನಡುವೆ ಕೂತಾಗ ಒಂದರ ಹಿಂದೆ ಒಂದರಂತೆ ಅಂಗಡಿಗಳು ಸಾಲುಗಟ್ಟಿ ಕಾಣುತ್ತವಲ್ಲ? ಸದ್ದಿಗೆ ಕೋಣೆಯ ಆರೂ ಮೈಗಳು ಅಂಥ ಕನ್ನಡಿಗಳೇ: ನಾಲ್ಕು ಗೋಡೆ, ಒಂದು ನೆಲ, ಒಂದು ಚಾವಣಿ. ಮೇಲೆ, ಕೆಳಗೆ, ಸುತ್ತ ಎಲ್ಲ ಕಡೆಗೂ ಬಿಂಬದ ಕೋಣೆಗಳು. ಪ್ರತಿಯೊಂದರಲ್ಲೂ ಚಪ್ಪಾಳೆ ತಟ್ಟುವ ಒಬ್ಬೊಬ್ಬ. ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತದೆ, ಅರ್ಧ ಸೆಕೆಂಡಿಗೆ 171.5 ಮೀಟರ್. ಅಷ್ಟು ತ್ರಿಜ್ಯದ ಗೋಳದ ಘನಗಾತ್ರ 2 ಕೋಟಿ 11 ಲಕ್ಷ ಘನ ಮೀಟರ್. ನಮ್ಮ ಕೋಣೆಯದು 60 ಘನ ಮೀಟರ್. ಭಾಗಿಸಿದರೆ 3,52,000 ಬರುತ್ತದೆ. ಅಷ್ಟೂ ಬಿಂಬಗಳ ಚಪ್ಪಾಳೆ ಅರ್ಧ ಸೆಕೆಂಡಿನಲ್ಲಿ ನಿಮ್ಮನ್ನು ತಲುಪಿರುತ್ತದೆ.

ಇನ್ನೊಂದು ಬಗೆಯಲ್ಲಿ ನೋಡೋಣ. ಇಂಥ ಕೋಣೆಯಲ್ಲಿ ಸದ್ದು ಸರಾಸರಿ ಎರಡೂವರೆ ಮೀಟರ್ ಹೋಗುವಷ್ಟರಲ್ಲಿ ಯಾವುದಾದರೂ ಒಂದು ಮೈಗೆ ಬಡಿಯುತ್ತದೆ. ಅಂದರೆ ಸೆಕೆಂಡಿಗೆ 134 ಬಡಿತ. ಬಡಿದಾಗಲೆಲ್ಲ ಐದನೇ ಒಂದು ಪಾಲು ಪರದೆಗೋ ಸೋಫಾಕ್ಕೋ ಹೋಗುತ್ತದೆ ಎಂದಿಟ್ಟುಕೊಂಡರೆ, ಸುಮಾರು 62 ಬಡಿತಗಳ ನಂತರ ಮೂಲ ಶಕ್ತಿಯ ಹತ್ತು ಲಕ್ಷದ ಒಂದು ಭಾಗ ಉಳಿಯುತ್ತದೆ. ಸದ್ದು ಅಡಗಿತು ಎನ್ನಲು ವಿಜ್ಞಾನಿಗಳು ಇಟ್ಟುಕೊಂಡಿರುವ ಅಳತೆಯೂ ಅದೇ. ಅದಕ್ಕೆ ಹಿಡಿಯುವ ಸಮಯ ಹೆಚ್ಚುಕಡಿಮೆ ಅರ್ಧ ಸೆಕೆಂಡು. ಗೃಹಪ್ರವೇಶಕ್ಕೆ ಮೊದಲು, ಸಾಮಾನೇ ಇಲ್ಲದ ಹೊಸ ಮನೆಯಲ್ಲಿ ಮಾತು ಗಂಯ್‌ಗುಡುವುದು ಇದಕ್ಕೇ: ಗಾರೆಯ ಗೋಡೆ, ಗ್ರಾನೈಟ್ ನೆಲ ತಮಗೆ ಬಡಿದ ಸದ್ದಿನಲ್ಲಿ ಹೆಚ್ಚೇನನ್ನೂ ಇಟ್ಟುಕೊಳ್ಳದೆ ವಾಪಸು ಕಳಿಸುತ್ತವೆ.

ಮೂರೂವರೆ ಲಕ್ಷ ಪ್ರತಿಗಳು ಬಂದರೂ ನಮಗೆ ಕೇಳುವುದು ಒಂದೇ ಚಪ್ಪಾಳೆ. ಕಿವಿ ಮಂದವಾಗಿರುವುದರಿಂದ ಹಾಗೆ ಅಂದುಕೊಂಡರೆ ತಪ್ಪು. ಕೇಳಿಸಬಹುದಾದ ಅತಿ ಸಣ್ಣ ಸದ್ದಿಗೆ ಕಿವಿಯ ತಮಟೆ ಅಲುಗುವ ದೂರ ಒಂದು ಜಲಜನಕ ಪರಮಾಣುವಿನ ವ್ಯಾಸಕ್ಕಿಂತ ಕಡಿಮೆ. ಅಲ್ಲಿಂದ ಹಿಡಿದು ಕಿವಿ ನೋಯುವಷ್ಟು ದೊಡ್ಡ ಸದ್ದಿನವರೆಗೆ ಶಕ್ತಿಯ ಅಂತರ ಒಂದಕ್ಕೆ ಒಂದು ಲಕ್ಷ ಕೋಟಿ. ಸದ್ದು ಎಡಗಿವಿಗೆ ಮೊದಲು ಬಂತೋ ಬಲಗಿವಿಗೋ ಎಂಬುದನ್ನು ನಾವು ಸೆಕೆಂಡಿನ ಲಕ್ಷದ ಒಂದು ಭಾಗದಷ್ಟು ವ್ಯತ್ಯಾಸವಿದ್ದರೂ ಗುರುತಿಸಬಲ್ಲೆವು. ಅಷ್ಟು ಹೊತ್ತಿನಲ್ಲಿ ಸದ್ದು ಸಾಗುವುದು 3.4 ಮಿಲಿಮೀಟರ್. ಇಷ್ಟು ಸೂಕ್ಷ್ಮವಾದ ಯಂತ್ರವೇ ಮೂರೂವರೆ ಲಕ್ಷ ಸದ್ದುಗಳನ್ನು ಒಂದಾಗಿ ಮಡಿಸಿ ಮನಸ್ಸಿಗೆ ಒಪ್ಪಿಸುತ್ತದೆ. ಕೋಣೆ ದೊಡ್ಡದೋ ಚಿಕ್ಕದೋ, ಖಾಲಿಯೋ ತುಂಬಿದೆಯೋ ಎಂಬ ಸುದ್ದಿಯನ್ನೂ ಜೊತೆಗೆ ಸೇರಿಸುತ್ತದೆ.

ಧ್ವನಿವರ್ಧಕದ ವಿಚಾರಕ್ಕೆ ಬರೋಣ. ಎಲ್ಲ ದಿಕ್ಕಿಗೂ ಸಮನಾಗಿ ಸದ್ದು ಹರಡುವ ಒಂದು ಸ್ಪೀಕರನ್ನು ಇದೇ ಕೋಣೆಯಲ್ಲಿಡಿ. ಅದರ ಹತ್ತಿರ ನಿಂತರೆ ನೇರವಾಗಿ ಬರುವ ಸದ್ದು ಹೆಚ್ಚು. ದೂರ ಸರಿದಂತೆಲ್ಲ ಗೋಡೆಗೆ ಬಡಿದು ಬಂದದ್ದರ ಪಾಲು ಏರುತ್ತದೆ. ಎರಡೂ ಸಮವಾಗುವ ದೂರ ಎಷ್ಟು? ಬರೀ 62 ಸೆಂಟಿಮೀಟರ್. ಮೂರು ಮೀಟರ್ ಆಚೆ ಸೋಫಾದಲ್ಲಿ ಕೂತವರಿಗೆ ತಲುಪುವುದರಲ್ಲಿ ನೇರ ಸದ್ದು ನೂರಕ್ಕೆ ನಾಲ್ಕು. ಸ್ಪೀಕರ್ ಪೆಟ್ಟಿಗೆಗಳು ಸಾಮಾನ್ಯವಾಗಿ ಎದುರಿಗೇ ಹೆಚ್ಚು ಸದ್ದು ಕಳಿಸುತ್ತವೆ, ನಿಜ. ಐದು ಪಟ್ಟು ಹೆಚ್ಚು ಕಳಿಸುತ್ತವೆ ಎಂದೇ ಹಿಡಿದರೂ ನೇರದ ಪಾಲು ನೂರಕ್ಕೆ 18ನ್ನು ದಾಟುವುದಿಲ್ಲ. ಉಳಿದ 82 ಗೋಡೆಯ ಕಡೆಯಿಂದ ಬಂದದ್ದೇ. ಸ್ಪೀಕರ್ ಕೇಳುತ್ತಿದ್ದೇವೆ ಎಂದುಕೊಂಡು ನಾವು ಕೇಳುವುದು ಬಹುಪಾಲು ನಮ್ಮ ಗೋಡೆಗಳನ್ನೇ.

ಬಹಳ ಕಾಲ ಸ್ಪೀಕರ್ ಮಾಡುವವರು ಈ ಗೋಡೆಯನ್ನು ಲೆಕ್ಕದಿಂದ ಹೊರಗಿಟ್ಟಿದ್ದರು. ಪ್ರತಿಫಲನವೇ ಇಲ್ಲದ ಪ್ರಯೋಗಶಾಲೆಯ ಕೋಣೆಯಲ್ಲಿ ಪೆಟ್ಟಿಗೆಯ ಎದುರು ಮೈಕ್ ಇಟ್ಟು ಅಳೆದು, ಬಂದ ಗೆರೆ ನೆಟ್ಟಗಿದ್ದರೆ ಕೆಲಸ ಮುಗಿಯಿತು. ಅಂಥ ಕೋಣೆಯಲ್ಲಿ ಯಾರೂ ಸಂಸಾರ ಮಾಡುವುದಿಲ್ಲ ಎಂಬುದು ಮಾರಾಟದ ಮಾತಿನಲ್ಲಿ ಬರುತ್ತಿರಲಿಲ್ಲ.

ಗೋಡೆಗೆ ಲೆಕ್ಕದಲ್ಲಿ ಜಾಗ ಕೊಟ್ಟವರಲ್ಲಿ ಮೊದಲಿಗ ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ವ್ಯಾಲೇಸ್ ಸೇಬಿನ್. 1895ರಲ್ಲಿ ಅವರಿಗೆ ಒಂದು ಕೆಲಸ ಅಂಟಿಕೊಂಡಿತು: ವಿಶ್ವವಿದ್ಯಾಲಯದ ಫಾಗ್ ಉಪನ್ಯಾಸ ಭವನದಲ್ಲಿ ಮಾತು ಅರ್ಥವಾಗುತ್ತಿಲ್ಲ, ಸರಿಪಡಿಸಿ. ಅಲ್ಲಿ ಒಂದು ಪದ ಐದು ಸೆಕೆಂಡಿಗೂ ಮೀರಿ ಉಳಿಯುತ್ತಿತ್ತು. ಅದು ಸಾಯುವಷ್ಟರಲ್ಲಿ ಉಪನ್ಯಾಸಕರು ಇನ್ನೊಂದು ಹನ್ನೆರಡು ಪದ ಆಡಿ ಮುಗಿಸಿರುತ್ತಿದ್ದರು. ಸೇಬಿನ್ ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ನಾಟಕಶಾಲೆಯಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತರಿಸಿ, ಸೆಕೆಂಡಿಗೆ 512 ಸಲ ಕಂಪಿಸುವ ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವ ಕಾಲವನ್ನು ತಮ್ಮ ಕಿವಿ ಮತ್ತು ಗಡಿಯಾರದಿಂದಲೇ ಅಳೆದರು. ಕೊನೆಗೆ ಸಿಕ್ಕ ಸೂತ್ರ ಮೂರು ಅಕ್ಷರದಷ್ಟು ಚಿಕ್ಕದು: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಒಳಗಿರುವ ಹೀರುವ ಶಕ್ತಿಯಿಂದ ಭಾಗಿಸಿದರೆ ಸದ್ದು ಅಡಗುವ ಕಾಲ ಬರುತ್ತದೆ. ಆ ಲೆಕ್ಕವನ್ನು ಮುಂದಿಟ್ಟುಕೊಂಡು ಕಟ್ಟಿದ ಬಾಸ್ಟನ್‌ನ ಸಿಂಫನಿ ಹಾಲ್ 1900ರ ಅಕ್ಟೋಬರ್‌ನಲ್ಲಿ ತೆರೆಯಿತು. 2,600ಕ್ಕೂ ಹೆಚ್ಚು ಆಸನ, 18,750 ಘನ ಮೀಟರ್ ಒಳಾವಕಾಶ. ಜನ ತುಂಬಿದಾಗ ಸದ್ದು ಅಡಗುವ ಕಾಲ ಸುಮಾರು 1.9 ಸೆಕೆಂಡ್. ಜಗತ್ತಿನ ಅತ್ಯುತ್ತಮ ಸಂಗೀತ ಭವನಗಳನ್ನು ಹೆಸರಿಸುವಾಗ ಇವತ್ತಿಗೂ ಅದರ ಹೆಸರು ಬಿಟ್ಟುಹೋಗುವುದಿಲ್ಲ.

ಗೋಡೆ ಎಷ್ಟು ಸದ್ದು ಕೊಡುತ್ತದೆ ಎನ್ನುವಷ್ಟೇ ಮುಖ್ಯ, ಯಾವ ಆಕಾರದಲ್ಲಿ ಕೊಡುತ್ತದೆ ಎಂಬುದು. ವಿಜಯಪುರದ ಗೋಲಗುಮ್ಮಟವನ್ನೇ ನೋಡಿ. 1656ರ ಹೊತ್ತಿಗೆ ಕಟ್ಟಿ ನಿಲ್ಲಿಸಿದ ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಬಯಲಿನಲ್ಲಾದರೆ ಒಂದು ಪಿಸುಮಾತು 38 ಮೀಟರ್ ದಾಟುವಷ್ಟರಲ್ಲಿ, ಒಂದು ಮೀಟರಿನಲ್ಲಿ ಇದ್ದದ್ದರ 1,444ನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಗುಮ್ಮಟದ ಒಳಗೋಡೆಗೆ ಅಂಟಿಕೊಂಡು ಅರ್ಧ ಸುತ್ತು ಬರಲು ಅದೇ ಪಿಸುಮಾತು 60 ಮೀಟರ್ ನಡೆಯಬೇಕು. ದಾರಿ ಹೆಚ್ಚು, ಆದರೆ ಸದ್ದು ಚದುರುವುದು ಕಡಿಮೆ. ಸೂತ್ರದ ಮಟ್ಟಿಗೆ 60ನೇ ಒಂದು ಭಾಗ ಉಳಿಯುತ್ತದೆ. ಬಳಸುದಾರಿಯೇ ನೇರ ದಾರಿಗಿಂತ 24 ಪಟ್ಟು ಲಾಭದ್ದು. ಗುಂಡನೆಯ ಗೋಡೆ ಸದ್ದನ್ನು ಕೂಡಿಸುತ್ತದೆ, ಬಾಸ್ಟನ್ ಭವನದಂಥ ಆಯತಾಕಾರದ, ಗೂಡು-ಶಿಲ್ಪಗಳಿರುವ ಗೋಡೆ ಹರಡುತ್ತದೆ. ಸಂಗೀತಕ್ಕೆ ಬೇಕಾದದ್ದು ಎರಡನೆಯದು.

ಬಾಸ್ಟನ್‌ನಿಂದ ಚಾರ್ಲ್ಸ್ ನದಿ ದಾಟಿದರೆ ಎಂಐಟಿ. ಅಲ್ಲಿ 1956ರಲ್ಲಿ ಅಮರ್ ಗೋಪಾಲ್ ಬೋಸ್ ಎಂಬ ಯುವಕ ಪಿಎಚ್.ಡಿ. ಮುಗಿಸಿದ. ತಂದೆ ನೋನಿ ಗೋಪಾಲ್ ಬೋಸ್ ಬ್ರಿಟಿಷರ ಕೈಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ. ಮಗ ಹುಟ್ಟಿದ್ದು 1929ರಲ್ಲಿ, ಫಿಲಡೆಲ್ಫಿಯಾದಲ್ಲಿ. ಚಿಕ್ಕಂದಿನಲ್ಲಿ ಏಳು ವರ್ಷ ಪಿಟೀಲು ಕಲಿತವ, ಹದಿಹರೆಯದಲ್ಲಿ ರೇಡಿಯೊ ರಿಪೇರಿ ಮಾಡಿದವ. ಓದು ಮುಗಿಸಿದ ಖುಷಿಗೆ, ಕಾಗದದ ಮೇಲಿನ ಅಂಕಿಗಳನ್ನೆಲ್ಲ ತಾಳೆ ನೋಡಿ ಒಂದು ಒಳ್ಳೆಯ ಹೈಫೈ ಸೆಟ್ ಕೊಂಡು ತಂದರೆ, ಅದರಲ್ಲಿ ಪಿಟೀಲು ಪಿಟೀಲಿನಂತೆ ಕೇಳಲಿಲ್ಲ. ಮರುವರ್ಷ ಫುಲ್‌ಬ್ರೈಟ್ ವಿದ್ವಾಂಸನಾಗಿ ದೆಹಲಿಗೆ ಬಂದರೂ ಮನಸ್ಸಿನಿಂದ ಆ ಪ್ರಶ್ನೆ ಹೋಗಲಿಲ್ಲ. ಬಿಡುವಿನಲ್ಲಿ ಧ್ವನಿಶಾಸ್ತ್ರವನ್ನು ತಾನೇ ಓದಿಕೊಂಡ. ಅಂಕಿಗಳು ಸರಿ, ಕಿವಿಯೂ ಸರಿ. ಹಾಗಾದರೆ ಅಳೆದದ್ದೇ ತಪ್ಪಿರಬೇಕು.

ಆ ಹೊತ್ತಿಗೆ ಧ್ವನಿಯ ವಿಜ್ಞಾನದಲ್ಲಿ ಒಂದು ದೊಡ್ಡ ಕನಸು ಇತ್ತು. ವೇದಿಕೆಯ ಮುಂದೆ ಲೆಕ್ಕವಿಲ್ಲದಷ್ಟು ಮೈಕುಗಳ ಪರದೆ ಕಟ್ಟಿ, ಇನ್ನೊಂದು ಊರಿನಲ್ಲಿ ಅಷ್ಟೇ ಸ್ಪೀಕರುಗಳ ಪರದೆ ಕಟ್ಟಿದರೆ ಸಂಗೀತ ಇದ್ದಂತೆಯೇ ಅಲ್ಲಿ ಮೂಡಬೇಕು. ಬೆಲ್ ಪ್ರಯೋಗಾಲಯದವರು 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದ ವಾದ್ಯವೃಂದವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಕೇಳಿಸಿದಾಗ ಆ ಅನಂತ ಪರದೆ ಮೂರು ವಾಹಿನಿಗಳಿಗೆ ಇಳಿದಿತ್ತು. ಮನೆಗೆ ಬಂದ ಸ್ಟೀರಿಯೊದಲ್ಲಿ ಮೂರು ಎರಡಾಯಿತು. ಅನಂತದಿಂದ ಎರಡಕ್ಕೆ ಇಳಿದ ಮೇಲೆ ಉಳಿದದ್ದನ್ನು ತುಂಬುವವರು ಯಾರು? ಗೋಡೆಗಳು ತುಂಬಲಿ ಎಂಬುದು ಬೋಸ್ ಕೊಟ್ಟ ಉತ್ತರ.

1964ರಲ್ಲಿ ಕಂಪನಿ ಶುರುವಾಯಿತು. 1966ರಲ್ಲಿ ಮೊದಲ ಸ್ಪೀಕರ್ ಬಂತು, ಹೆಸರು 2201. ಗೋಳವೊಂದನ್ನು ಎಂಟು ಹೋಳು ಮಾಡಿ, ಒಂದು ಹೋಳಿನ ಉಬ್ಬಿದ ಮೈಯ ಮೇಲೆ 22 ಪುಟ್ಟ ಡ್ರೈವರುಗಳನ್ನು, ಅಂದರೆ ಸದ್ದು ಹೊರಡಿಸುವ ಘಟಕಗಳನ್ನು, ಕೂರಿಸಿದ ವಸ್ತು ಅದು. ಇಡಬೇಕಾದ ಜಾಗ ಕೋಣೆಯ ಮೂಲೆ. ಮೂರು ಮೈಗಳು ಕೂಡುವ ಮೂಲೆಯಲ್ಲಿ ಮೊದಲು ಹೇಳಿದ ಕನ್ನಡಿಯ ಲೆಕ್ಕ ಬಲು ಚೆಂದವಾಗಿ ಕೂಡಿಬರುತ್ತದೆ: ನಿಜವಾದ ಒಂದು ಹೋಳಿಗೆ ಏಳು ಬಿಂಬಗಳು ಜೊತೆಯಾಗಿ ಗೋಳ ಪೂರ್ತಿಯಾಗುತ್ತದೆ. ಕೊಂಡವರ ದುಡ್ಡು 22 ಡ್ರೈವರುಗಳಿಗೆ, ಸದ್ದಿನ ಲೆಕ್ಕದಲ್ಲಿ ಇರುವುದು 176. ಗೋಡೆ ಬಾಡಿಗೆಯಿಲ್ಲದೆ 154 ಕೊಟ್ಟಿದೆ.

ಗಣಿತ ಚೆಂದವಾಗಿತ್ತು, ವ್ಯಾಪಾರ ನಡೆಯಲಿಲ್ಲ. ಎರಡು ವರ್ಷ ಬಿಟ್ಟು, 1968ರಲ್ಲಿ 901 ಬಂತು. ಐದು ಮೂಲೆಯ ಮರದ ಪೆಟ್ಟಿಗೆ. ಒಳಗೆ ಸುಮಾರು ನಾಲ್ಕು ಇಂಚಿನ, ಒಂದನ್ನೊಂದು ಹೋಲುವ ಒಂಬತ್ತು ಡ್ರೈವರುಗಳು. ದಪ್ಪ ಸದ್ದಿಗೆ ಒಂದು ವೂಫರ್, ಸಣ್ಣ ಸದ್ದಿಗೆ ಒಂದು ಟ್ವೀಟರ್ ಎಂಬ ವಿಂಗಡಣೆ ಇಲ್ಲ. ಒಂದು ಡ್ರೈವರಿನ ಮುಖ ಕೇಳುಗನ ಕಡೆ. ಉಳಿದ ಎಂಟು ಹಿಂಬದಿಯ ಎರಡು ಓರೆ ಮೈಗಳ ಮೇಲೆ, ಗೋಡೆಯತ್ತ ತಿರುಗಿ ನಿಂತಿವೆ. ದುಡ್ಡು ಕೊಟ್ಟವನಿಗೆ ಸ್ಪೀಕರ್ ಬೆನ್ನು ತೋರಿಸಿ ಕೂತ ಹಾಗೆ. ಒಂಬತ್ತರಲ್ಲಿ ಒಂದು ಎಂದರೆ ನೂರಕ್ಕೆ 11, ಒಂಬತ್ತರಲ್ಲಿ ಎಂಟು ಎಂದರೆ ನೂರಕ್ಕೆ 89. ಸಂಗೀತ ಭವನದಲ್ಲಿ ಕೂತವನಿಗೆ ತಲುಪುವ ನೇರ ಮತ್ತು ಪ್ರತಿಫಲಿತ ಸದ್ದಿನ ಪ್ರಮಾಣವೂ ಅದೇ ಎಂಬುದು ಬೋಸ್ ವಾದ.

ವಾದ ಎಷ್ಟು ಗಟ್ಟಿ? ಬಾಸ್ಟನ್ ಭವನದ ಅಂಕಿಗಳು ಕೈಯಲ್ಲಿರುವುದರಿಂದ ನಾವೇ ಪರೀಕ್ಷಿಸಬಹುದು. 18,750 ಘನ ಮೀಟರ್, 1.9 ಸೆಕೆಂಡ್ ಎಂದು ಹಾಕಿದರೆ ನೇರ ಮತ್ತು ಪ್ರತಿಫಲಿತ ಸದ್ದು ಸಮವಾಗುವ ದೂರ 5.7 ಮೀಟರ್ ಬರುತ್ತದೆ. ನೇರ ಸದ್ದು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುವುದು ಅದರ 2.83 ಪಟ್ಟು ದೂರದಲ್ಲಿ, ಅಂದರೆ ಸುಮಾರು 16 ಮೀಟರಿನಲ್ಲಿ. ಭವನದ ಉದ್ದ ವೇದಿಕೆಯಿಂದ ಹಿಂದಿನ ಗೋಡೆಗೆ ಸುಮಾರು 39 ಮೀಟರ್. ಮಧ್ಯಕ್ಕಿಂತ ಸ್ವಲ್ಪ ಮುಂದೆ, ಒಳ್ಳೆಯ ಆಸನವೆಂದು ಯಾರೂ ಒಪ್ಪುವ ಜಾಗದಲ್ಲಿ, 11ಕ್ಕೆ 89 ಎಂಬ ಪ್ರಮಾಣ ನಿಜವಾಗಿಯೂ ಇದೆ. ಕೊನೆಯ ಸಾಲಿನವರಿಗೆ ನೇರ ಸದ್ದು ನೂರಕ್ಕೆ ಎರಡು ಸಿಕ್ಕರೆ ಹೆಚ್ಚು.

ಇನ್ನೊಂದು ಸಂಶಯ: ಎಂಟು ಪಾಲು ಸದ್ದು ಗೋಡೆಯಿಂದ ಬಂದರೆ ಪಿಟೀಲು ಗೋಡೆಯಲ್ಲೇ ಇದೆ ಅನ್ನಿಸುವುದಿಲ್ಲವೇ? ಇದಕ್ಕೆ ಉತ್ತರ ಜರ್ಮನಿಯ ಗೋಟಿಂಗೆನ್‌ನಲ್ಲಿ ಹೆಲ್ಮುಟ್ ಹಾಸ್ 1949ರಲ್ಲಿ ಮುಗಿಸಿದ ಸಂಶೋಧನೆಯಲ್ಲಿದೆ. ಒಂದೇ ಮಾತನ್ನು ಎರಡು ಸ್ಪೀಕರುಗಳಿಂದ ನುಡಿಸಿ, ಒಂದನ್ನು ತುಸು ತಡವಾಗಿ ಬಿಟ್ಟರೆ, ಕಿವಿ ಮೊದಲು ಬಂದದ್ದನ್ನೇ ನಂಬುತ್ತದೆ. ತಡ 5ರಿಂದ 30 ಮಿಲಿಸೆಕೆಂಡ್ ಇದ್ದರೆ, ತಡವಾಗಿ ಬಂದದ್ದು ಮೊದಲಿನದರಷ್ಟೇ ಜೋರು ಅನ್ನಿಸಬೇಕಾದರೆ ಅದನ್ನು ಸುಮಾರು 10 ಡೆಸಿಬೆಲ್ ಏರಿಸಬೇಕು. ಶಕ್ತಿಯಲ್ಲಿ ಹತ್ತು ಪಟ್ಟು. 901ರ ಗೋಡೆಯ ಪಾಲು ನೇರದ ಎಂಟು ಪಟ್ಟು, 9 ಡೆಸಿಬೆಲ್. ಹಾಸ್ ಎಳೆದ ಗೆರೆಯ ಒಳಗೇ, ಒಂದು ಡೆಸಿಬೆಲ್ ಉಳಿಸಿಕೊಂಡು ನಿಂತಿದೆ. ಮೊದಲು ತಲುಪುವ ಆ ಒಂಬತ್ತನೇ ಒಂದು ಪಾಲು ಪಿಟೀಲು ಎಲ್ಲಿದೆ ಎಂದು ಹೇಳಬೇಕು. ಹಿಂದೆ ಬರುವ ಎಂಟು ಪಾಲು ಪಿಟೀಲು ನುಡಿಯುತ್ತಿರುವ ಜಾಗ ಎಷ್ಟು ದೊಡ್ಡದು ಎಂದು ಹೇಳಬೇಕು.

ಒಂಬತ್ತು ಪುಟ್ಟ ಡ್ರೈವರುಗಳೇ ಏಕೆ? ನಾಲ್ಕರ ವರ್ಗ 16, ಒಂಬತ್ತರಿಂದ ಗುಣಿಸಿದರೆ 144. ಹನ್ನೆರಡರ ವರ್ಗವೂ 144. ಡ್ರೈವರಿನಲ್ಲಿ ಅಲುಗಿ ಗಾಳಿ ತಳ್ಳುವ ಭಾಗವೇ ಕೋನ್. ನಾಲ್ಕು ಇಂಚಿನ ಒಂಬತ್ತು ಕೋನ್‌ಗಳು ಸೇರಿ ಹನ್ನೆರಡು ಇಂಚಿನ ಒಂದು ವೂಫರಿನಷ್ಟೇ ಗಾಳಿ ತಳ್ಳುತ್ತವೆ. ದಪ್ಪ ಸದ್ದಿನಲ್ಲಿ ಮುಂದೆ-ಹಿಂದೆ ಎಂಬ ಭೇದವೂ ಉಳಿಯುವುದಿಲ್ಲ. ಸೆಕೆಂಡಿಗೆ 40 ಸಲ ಕಂಪಿಸುವ ಸದ್ದಿನ ಒಂದು ಅಲೆಯ ಉದ್ದ 8.6 ಮೀಟರ್, ನಮ್ಮ ಹಾಲ್‌ಗಿಂತ ಉದ್ದ. ಅಂಥ ಅಲೆಗೆ ಎರಡು ಗೇಣಿನ ಪೆಟ್ಟಿಗೆ ಒಂದು ಅಡ್ಡಿಯೇ ಅಲ್ಲ, ಸುತ್ತಿಕೊಂಡು ಬರುತ್ತದೆ. ಕಿವಿಗೆ ಕೇಳುವ ಅತಿ ದಪ್ಪ ಸದ್ದಿನ ಅಲೆ 17 ಮೀಟರ್, ಅತಿ ಸಣ್ಣದರದು 17 ಮಿಲಿಮೀಟರ್. ಸಾವಿರ ಪಟ್ಟು ವ್ಯತ್ಯಾಸದ ಈ ಹರವನ್ನೆಲ್ಲ ಒಂದೇ ಅಳತೆಯ ಕೋನ್‌ಗಳಿಂದ ನುಡಿಸಬೇಕು ಎಂಬುದು ಹಟ.

ಹಟಕ್ಕೆ ಬೆಲೆ ತೆರಬೇಕಾಯಿತು. ಸದ್ದು ಒಂದು ಸ್ಥಾಯಿ ಕೆಳಗಿಳಿದರೆ, ಅಂದರೆ ಕಂಪನ ಅರ್ಧವಾದರೆ, ಅಷ್ಟೇ ಜೋರು ಉಳಿಸಿಕೊಳ್ಳಲು ಕೋನ್ ನಾಲ್ಕು ಪಟ್ಟು ದೂರ ಅಲುಗಬೇಕು. ಸೆಕೆಂಡಿಗೆ 1,000 ಕಂಪನದಿಂದ 40ಕ್ಕೆ ಇಳಿದರೆ 625 ಪಟ್ಟು. ಮೊದಲ 901ರಂಥ ಮುಚ್ಚಿದ ಪೆಟ್ಟಿಗೆಯಲ್ಲಿ ಕೋನ್‌ನ ಸಹಜ ಕಂಪನಕ್ಕಿಂತ ಒಂದು ಸ್ಥಾಯಿ ಕೆಳಗೆ 16 ಪಟ್ಟು ವಿದ್ಯುತ್ತು ಬೇಕು, ಎರಡು ಸ್ಥಾಯಿ ಕೆಳಗೆ 256 ಪಟ್ಟು. ಅದಕ್ಕೇ 901ರ ಜೊತೆಗೆ ಒಂದು ಈಕ್ವಲೈಸರ್ ಪೆಟ್ಟಿಗೆ ಕಡ್ಡಾಯ. ಅದಿಲ್ಲದೆ ಸ್ಪೀಕರ್ ಮಂಕು. ಎಲ್ಲಿ ಕುಗ್ಗುತ್ತದೋ ಅಲ್ಲಿ ಏರಿಸಿ ಕಳಿಸುವುದು ಅದರ ಕೆಲಸ, ಏರಿಸಿದ್ದನ್ನು ಹೊರಬೇಕಾದದ್ದು ಆಂಪ್ಲಿಫೈಯರ್. ಒಳ್ಳೆಯ ಸ್ಪೀಕರುಗಳೂ ಕೊಟ್ಟ ನೂರು ವಾಟಿನಲ್ಲಿ ಒಂದು ವಾಟನ್ನಷ್ಟೇ ಸದ್ದಾಗಿಸುತ್ತವೆ, 99 ವಾಟ್ ತಂತಿಯ ಸುರುಳಿಯನ್ನು ಕಾಯಿಸುತ್ತದೆ. ಆದರೂ ಆ ಒಂದು ವಾಟ್ ಸಣ್ಣದಲ್ಲ. ಸಾಧಾರಣವಾಗಿ ಮಾತನಾಡುವವನ ಬಾಯಿಂದ ಹೊರಡುವ ಸದ್ದಿನ ಶಕ್ತಿ ಹತ್ತು ಮೈಕ್ರೊವಾಟ್‌ನ ಆಸುಪಾಸು. ಅಂಥ ಒಂದು ಲಕ್ಷ ಜನ ಒಟ್ಟಿಗೆ ಬಾಯಿ ಬಿಟ್ಟರೆ ಒಂದು ವಾಟ್. ಬೆಂಗಳೂರಿನ ಕೋಟಿ ಜನ ಒಂದೇ ಸಲ ಮಾತಿಗಿಳಿದರೂ ಆ ಶಕ್ತಿಯೆಲ್ಲ ಸೇರಿ ಉರಿಸಬಹುದಾದದ್ದು ನೂರು ವಾಟಿನ ಒಂದು ಬಲ್ಬು.

901 ಕೆಲವರನ್ನು ಮರುಳು ಮಾಡಿತು, ಕೆಲವರನ್ನು ಕೆರಳಿಸಿತು. ಅಮೆರಿಕದ ಗ್ರಾಹಕರ ಪತ್ರಿಕೆ ‘ಕನ್ಸ್ಯೂಮರ್ ರಿಪೋರ್ಟ್ಸ್’ 1970ರ ಮೇ ಸಂಚಿಕೆಯಲ್ಲಿ, ಈ ಸ್ಪೀಕರಿನಲ್ಲಿ ಪಿಟೀಲು ಹತ್ತು ಅಡಿ ಅಗಲವಾಗಿ, ಪಿಯಾನೊ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಚಾಚಿಕೊಂಡು ಕೇಳುತ್ತದೆ, ವಾದ್ಯಗಳು ಕೋಣೆಯೆಲ್ಲ ಅಲೆದಾಡುತ್ತವೆ ಎಂಬರ್ಥದಲ್ಲಿ ಬರೆಯಿತು. ನಿಜವಾದ ಪಿಟೀಲಿನ ಉದ್ದ ಎರಡು ಅಡಿ. ಬೋಸ್ ಕಂಪನಿ ಕೋರ್ಟಿಗೆ ಹೋಯಿತು. ಸದ್ದು ಎರಡು ಸ್ಪೀಕರುಗಳ ನಡುವಿನ ಗೋಡೆಯುದ್ದಕ್ಕೆ ಸರಿಯುತ್ತದೆಯೇ ಹೊರತು ಕೋಣೆಯೆಲ್ಲ ತಿರುಗುವುದಿಲ್ಲ ಎಂಬುದು ವಾದದ ತಿರುಳು. ಕೆಳಗಿನ ಕೋರ್ಟು ಒಪ್ಪಿ 1,15,000 ಡಾಲರಿಗೂ ಹೆಚ್ಚು ಪರಿಹಾರ ವಿಧಿಸಿತು. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. 1984ರ ಏಪ್ರಿಲ್ 30ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆರು-ಮೂರರ ಬಹುಮತದಿಂದ ಪತ್ರಿಕೆಯ ಪರ ನಿಂತಿತು. ಪಿಟೀಲಿನ ಅಗಲದಿಂದ ಎದ್ದ ವ್ಯಾಜ್ಯ ಪತ್ರಿಕಾ ಸ್ವಾತಂತ್ರ್ಯದ ಕಾನೂನಿನಲ್ಲಿ ಇಂದಿಗೂ ಉದಾಹರಿಸುವ ತೀರ್ಪಾಗಿ ಮುಗಿಯಲು 14 ವರ್ಷ ಹಿಡಿಯಿತು.

ಹತ್ತು ಅಡಿಯ ಪಿಟೀಲು ಎಲ್ಲಿಂದ ಬಂತು? ಪ್ರಮಾಣದ ಲೆಕ್ಕ ಸರಿಯಿತ್ತು, ಕಾಲದ ಲೆಕ್ಕ ಸರಿಹೋಗಲಿಲ್ಲ. ಬಾಸ್ಟನ್ ಭವನದ ಒಳ್ಳೆಯ ಆಸನದಲ್ಲಿ ನೇರ ಸದ್ದು ಬಂದ ಮೇಲೆ ಮೊದಲ ಪ್ರತಿಫಲನ ಬರುವುದಕ್ಕೆ ಸುಮಾರು 15 ಮಿಲಿಸೆಕೆಂಡ್ ಬಿಡುವಿದೆ. ಗೋಡೆಯಿಂದ ಒಂದು ಅಡಿ ಮುಂದಿಟ್ಟ 901ರಲ್ಲಿ ಆ ಬಿಡುವು ಎರಡು-ಮೂರು ಮಿಲಿಸೆಕೆಂಡ್. ಹಾಸ್ ಹೇಳಿದ ಐದರ ಗೆರೆಗಿಂತ ಮೊದಲೇ ಗೋಡೆ ಬಾಯಿ ಹಾಕುತ್ತದೆ. ನೇರ ಸದ್ದಿನ ಹಿಡಿತ ಸಡಿಲವಾಗಿ ಪಿಟೀಲು ಹಿಗ್ಗುತ್ತದೆ. ಮನೆಯಲ್ಲೂ 15 ಮಿಲಿಸೆಕೆಂಡ್ ಬೇಕೆಂದರೆ ಸದ್ದು ಐದು ಮೀಟರ್ ಹೆಚ್ಚಿಗೆ ನಡೆಯಬೇಕು, ಸ್ಪೀಕರ್ ಗೋಡೆಯಿಂದ ಎರಡೂವರೆ ಮೀಟರ್ ಮುಂದೆ, ಅಂದರೆ ಹಾಲ್‌ನ ನಟ್ಟನಡುವೆ ಬರಬೇಕು. ಮೊದಲ ಹತ್ತನೇ ಒಂದು ಸೆಕೆಂಡಿನಲ್ಲಿ ಬಾಸ್ಟನ್ ಭವನದ ಕೇಳುಗನಿಗೆ ತಲುಪುವ ಪ್ರತಿಗಳು ಲೆಕ್ಕಕ್ಕೆ ಒಂಬತ್ತು. ಅದೇ ಹೊತ್ತಿನಲ್ಲಿ ನಮ್ಮ ಹಾಲ್‌ನಲ್ಲಿ 2,800. ಭವನದ ಪ್ರಮಾಣವನ್ನು ಪೆಟ್ಟಿಗೆಯಲ್ಲಿ ಹಾಕಿ ಮನೆಗೆ ತರಬಹುದು. ಅದರ ದೂರಗಳನ್ನು ತರಲಾಗದು. ಜೊತೆಗೆ, ಧ್ವನಿಮುದ್ರಣದ ಒಳಗೆ ಆ ಭವನದ ಗೋಡೆಗಳ ಸದ್ದೂ ಮೊದಲೇ ಸೇರಿರುತ್ತದೆ. ಅದರ ಮೇಲೆ ನಮ್ಮ ಗೋಡೆಯೂ ಹಾಡುತ್ತದೆ.

ಇಷ್ಟಾಗಿಯೂ 901 ಮಾರುಕಟ್ಟೆಯಿಂದ ಇಳಿದದ್ದು 2016ರಲ್ಲಿ. ಒಂದೇ ಮೂಲ ವಿನ್ಯಾಸ 48 ವರ್ಷ ಬಾಳಿತು. ಬೋಸ್ 2001ರವರೆಗೂ ಎಂಐಟಿಯಲ್ಲಿ ಪಾಠ ಹೇಳಿದರು. 2011ರಲ್ಲಿ ಕಂಪನಿಯ ಹೆಚ್ಚಿನ ಷೇರುಗಳನ್ನು ಆ ಸಂಸ್ಥೆಗೇ ಬರೆದುಕೊಟ್ಟು, 2013ರಲ್ಲಿ ತೀರಿಕೊಂಡರು. ಅವರು ಎತ್ತಿದ ಪ್ರಶ್ನೆ ಮಾತ್ರ ಬೇರೆ ದಾರಿ ಹಿಡಿದು ಮುಂದೆ ಹೋಯಿತು. ಕೆನಡಾದ ಫ್ಲಾಯ್ಡ್ ಟೂಲ್ ಮತ್ತು ಅವರ ಜೊತೆಗಾರರು, ಸ್ಪೀಕರನ್ನು ಎದುರಿನಿಂದ ಒಮ್ಮೆ ಅಳೆದರೆ ಸಾಲದು ಎಂದು ಹತ್ತು ಡಿಗ್ರಿಗೊಮ್ಮೆ ಅಡ್ಡಕ್ಕೂ ಉದ್ದಕ್ಕೂ ಸುತ್ತಿ 70 ಕಡೆಯಿಂದ ಅಳೆಯುವ ಪದ್ಧತಿ ತಂದರು. ಗೋಡೆಯತ್ತ ಹೋಗುವ ಸದ್ದಿನ ಬಣ್ಣ ನೇರ ಸದ್ದಿನ ಬಣ್ಣವನ್ನೇ ಹೋಲುವಂತಿದ್ದರೆ ಪಕ್ಕದ ಗೋಡೆಯ ಪ್ರತಿಫಲನವನ್ನು ಕೇಳುಗರು ದೂರುವುದಿಲ್ಲ, ಎಷ್ಟೋ ಸಲ ಮೆಚ್ಚುತ್ತಾರೆ ಎಂಬುದು ಆ ಅಳತೆಗಳಿಂದ ಹೊರಟ ತಿಳಿವಳಿಕೆ. ಎಂಟು ಪಾಲು ಎಂಬ ಪ್ರಮಾಣವನ್ನು ಈಗಿನವರು ಒಪ್ಪಲಿಕ್ಕಿಲ್ಲ. ಗೋಡೆಯನ್ನು ಬಿಟ್ಟು ಸ್ಪೀಕರ್ ಮಾಡುವ ಧೈರ್ಯವೂ ಯಾರಿಗೂ ಇಲ್ಲ.

ಗೋಡೆಯನ್ನು ತಪ್ಪಿಸಿಯೇ ತೀರುತ್ತೇವೆ ಎಂದು ಹೊರಟರೆ ಖರ್ಚು ಎಷ್ಟಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2023ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ತೆರೆದ ‘ಸ್ಫಿಯರ್’ 112 ಮೀಟರ್ ಎತ್ತರ, 157 ಮೀಟರ್ ಅಗಲದ ಗೋಳಾಕಾರದ ರಂಗಮಂದಿರ. ಒಳಗೋಡೆಯ ಬಹುಭಾಗ ಬಾಗಿದ ಎಲ್ಇಡಿ ಪರದೆ. ಸದ್ದನ್ನು ಗುಮ್ಮಟದಂತೆ ಒಂದೆಡೆ ಕೂಡಿಸಿ ಕೆಡಿಸಲು ಹೇಳಿ ಮಾಡಿಸಿದ ಆಕಾರ. ಅದನ್ನು ಪಳಗಿಸಲು ಪರದೆಯ ಹಿಂದೆ ಸುಮಾರು 1,600 ಸ್ಪೀಕರ್ ಘಟಕಗಳನ್ನು ಕೂರಿಸಿ, ಬೇಕಾದಲ್ಲಿಗೆ ಒಯ್ಯಬಹುದಾದ 300 ಘಟಕಗಳನ್ನು ಸೇರಿಸಿದರು. ಒಟ್ಟು ಡ್ರೈವರುಗಳು 1,67,000. ಪ್ರತಿಯೊಂದನ್ನೂ ಸೆಕೆಂಡಿನ ಸಣ್ಣ ಚೂರುಗಳಷ್ಟು ಹಿಂದುಮುಂದು ನುಡಿಸಿ, ಸದ್ದನ್ನು ದೀಪದ ಕಿರಣದಂತೆ ಆಸನಗಳ ಮೇಲಷ್ಟೇ ಬೀಳಿಸುತ್ತಾರೆ. ಆಸನಗಳು 17,600, ತಲೆಗೆ ಒಂಬತ್ತಕ್ಕೂ ಹೆಚ್ಚು ಡ್ರೈವರುಗಳು ಬಿದ್ದವು. ಗೋಡೆಯನ್ನು ಕೂಡಿಕೊಂಡ ಬೋಸ್ ಒಂದು ಪೆಟ್ಟಿಗೆಗೆ ಬಳಸಿದ್ದೂ ಒಂಬತ್ತೇ.

ಮನೆಯಲ್ಲಿ ಕೇಳುವವರಿಗೆ ಇದರಿಂದ ಬರುವ ಬುದ್ಧಿ ಸರಳ, ಅಗ್ಗ. ಹೊಸ ಸ್ಪೀಕರಿಗೆ ದುಡ್ಡು ಹೊಂದಿಸುವ ಮೊದಲು ಹಳೆಯದನ್ನೇ ಗೋಡೆಯಿಂದ ಅರ್ಧ ಮೀಟರ್ ಮುಂದಕ್ಕೆ ಎಳೆದು ಕೇಳಿ ನೋಡಬೇಕು. ಹಿಂಗೋಡೆಯಿಂದ ಮರಳುವ ಸದ್ದು ಹಾಗೆ ಮಾಡಿದಾಗ ಒಂದು ಮೀಟರ್ ಹೆಚ್ಚು ನಡೆದು, ಮೂರು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 3.4 ಮಿಲಿಮೀಟರಿನ ವ್ಯತ್ಯಾಸವನ್ನೇ ಪತ್ತೆಮಾಡುವ ಕಿವಿಗೆ ಇದು ಅದರ ಸುಮಾರು 300 ಪಟ್ಟು. ಖರ್ಚು ಸೊನ್ನೆ ರೂಪಾಯಿ.